ಮೊದ್ಲು ಸಪ್ಪಳ ಬಂತು, ಆಮ್ಯಾಲೆ ನೆಲ ನಡುಗಿತು. ಇದು ಉಲ್ಟಾ ಅಲ್ಲೇನ್ರಿ?

ಕಾತ್ರಜ್_ಧಾರವಾಡ

ನಮಸ್ಕಾರ್ರಿ ಎಲ್ಲಾರಿಗೂ. ನಾವು ಮೂಲ ಧಾರವಾಡದವ್ರು, ಪುಣೆಕ್ಕ ಬಂದು ಹದಿನಾಕು ವರ್ಷ ಆತು, ಕಾತ್ರಜ್‌ನಾಗ ಇರ್ತೀವಿ. ಹೋದ ವಾರ ನಾದಿನಿ ಮನಿಗೆ ಪಾಟಣಕ್ಕ ಹೋಗಿದ್ದೆ (ಕೊಯ್ನಾ ಡ್ಯಾಂ ಹತ್ರದ ಪಾಟಣ, ಗುಜರಾತದ್ದಲ್ಲ). ಮಧ್ಯಾಹ್ನ ಊಟ ಆಗಿತ್ತು, ನಾದಿನಿ ಅತ್ತಿಯವ್ರು ಪಡಸಾಲ್ಯಾಗ ಮೊರ ಹಿಡಕೊಂಡು ಜ್ವಾಳ ಹಸನ ಮಾಡ್ಕೋತ ಕೂತಿದ್ರು, ನಾ ಬಾಜೂಕ ಅಡ್ಡಾಗಿದ್ದೆ. ಒಮ್ಮಿಂದೊಮ್ಮೆಲೆ ಧಡ್ ಅಂತ ಸಪ್ಪಳ, ಟ್ರಕ್ಕಿನಾಗಿಂದ ಕಲ್ಲು ಸುರುವಿಧಂಗ, ಅದೂ ಹೊರಗಿಂದಲ್ಲ, ನೆಲದ ಒಳಗಿಂದನ ಬಂಧಂಗ. ನಾ ಏನಾತು ಅಂತ ಏಳೂದ್ರಾಗ ಆಜಿ ಮೊರದಾಗಿಂದ ತಲಿನೂ ಎತ್ತದ "ಆವಾಜ್ ಆಲಾ, ಆತಾ ಹಲೇಲ್" ಅಂದ್ರು. ಸಪ್ಪಳ ಬಂತು, ಇನ್ನ ಅಲುಗಾಡ್ತದ ಅಂತ. ಅವ್ರ ಮಾತು ಮುಗೀತೋ ಇಲ್ಲೋ ಮನಿ ಅಲುಗಾಡ್ತು ನೋಡ್ರಿ, ಸ್ಟ್ಯಾಂಡಿನಾಗಿನ ಸ್ಟೀಲ್ ತಾಟು ಗಲಗಲ ಅಂದ್ವು, ಮೊರದಾಗಿನ ಜ್ವಾಳ ಎಲ್ಲಾ ಒಂದ ಬದಿಗೆ ಸರದು ಬಂತು. ಮುಗೀತು ಅಷ್ಟ. ಆಜಿ ಜ್ವಾಳ ಸರಿ ಮಾಡ್ಕೊಂಡು ಮತ್ತ ಹಸನ ಮಾಡ್ಲಿಕ್ಕೆ ಶುರು. ನನ್ನ ಎದಿ ಮಾತ್ರ ಸಂಜಿ ತನಕ ಹೊಡ್ಕೋತಿತ್ತು.

ನನ್ನ ತಲಿ ತಿನ್ಲಿಕತ್ತಿದ್ದು ಏನಂದ್ರ, ಸಾಲ್ಯಾಗ ಕಲ್ತಿದ್ದು ಶಬ್ದ ಸೆಕೆಂಡಿಗೆ 340 ಮೀಟರ್ ಹೋಗ್ತದ ಅಂತ, ಮಿಂಚು ಮೊದ್ಲು ಗುಡುಗು ಆಮ್ಯಾಲೆ. ಭೂಕಂಪದ ಅಲೆ ಸೆಕೆಂಡಿಗೆ ಕಿಲೋಮೀಟರ್‌ಗಟ್ಲೆ ಓಡ್ತಾವು ಅಂತ ಎಲ್ಲೋ ಓದೇನಿ. ಹಂಗಿದ್ರ ನೆಲ ಮೊದ್ಲು ನಡುಗಬೇಕು, ಸಪ್ಪಳ ಹಿಂದಿಂದ ಬರಬೇಕು, ಹೌದಲ್ಲೋ? ಆಜಿ ಅಂತಾರ ಯಾವಾಗ್ಲೂ ಸಪ್ಪಳನ ಮೊದ್ಲು ಅಂತ. ಇದು ಹೆಂಗ? ತಿಳದವ್ರು ಸ್ವಲ್ಪ ಹೇಳ್ರಿ.

ಹಿಂಜೆವಾಡಿ_ಹುಡ್ಗ

ಅಕ್ಕಾ ಅದು ಭೂಕಂಪಾನೇ ಅಲ್ಲ ಅನ್ಸುತ್ತೆ, ಕಲ್ಲು ಕ್ವಾರಿ ಬ್ಲಾಸ್ಟ್ ಇರ್ಬೇಕು. ನಮ್ಮ ಪಿಜಿ ಹತ್ರ ಮೆಟ್ರೋ ಕೆಲಸಕ್ಕೆ ಬಂಡೆ ಒಡೆಯೋವಾಗ ಸೇಮ್ ಹೀಗೇ, ಮೊದ್ಲು ಢಂ ಆಮೇಲೆ ಕಿಟಕಿ ಗಡಗಡ. ಸೌಂಡ್ ಯಾವಾಗ್ಲೂ ಫಾಸ್ಟು, ಸಿಂಪಲ್.

ಕಾತ್ರಜ್_ಧಾರವಾಡ

ಇಲ್ಲಪ್ಪಾ, ಬ್ಲಾಸ್ಟ್ ಅಲ್ಲ. ಆಮ್ಯಾಲೆ ಟೀವ್ಯಾಗ ಕೆಳಗ ಪಟ್ಟಿ ಬಂತು, ಕೊಯ್ನಾ ಭಾಗದಾಗ ಸೌಮ್ಯ ಧಕ್ಕಾ ಅಂತ. ಮತ್ತ ಆಜಿ ಅಲ್ಲೇ ಹುಟ್ಟಿ ಬೆಳದಾಕಿ, ಬ್ಲಾಸ್ಟ್ ಯಾವುದು ಭೂಕಂಪ ಯಾವುದು ಆಕಿಗೆ ಗೊತ್ತಾಗ್ತದ.

ಬಸಾಲ್ಟ್_ಭಟ್ಟ

ಪ್ರಶ್ನೆ ಭಾರೀ ಚಲೋ ಇದೆ ಅಕ್ಕಾ. ಆಜಿ ಹೇಳಿದ್ದೂ ಸರಿ, ನಿಮ್ಮ ಲೆಕ್ಕವೂ ಸರಿ, ನಡುವೆ ಒಂದು ಕೊಂಡಿ ತಪ್ಪಿದೆ ಅಷ್ಟೆ. ನಾನು ಶಿರಸಿಯವ, ಪುಣೆಯಲ್ಲಿ ಬಿಲ್ಡಿಂಗ್ ಪಾಯಕ್ಕೆ ಕಲ್ಲು-ಮಣ್ಣು ಪರೀಕ್ಷೆ ಮಾಡೋದೇ ಕೆಲಸ, ಇಪ್ಪತ್ತು ವರ್ಷ ಆಯ್ತು, ಹಾಗಾಗಿ ಸ್ವಲ್ಪ ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ನೀವು ಕೇಳಿದ ಸಪ್ಪಳ ಗಾಳಿಯಲ್ಲಿ ಬಂದದ್ದೇ ಅಲ್ಲ. ನೆಲ ಒಡೆದ ಜಾಗ ನಿಮ್ಮಿಂದ 20 ಕಿಲೋಮೀಟರ್ ದೂರ ಇತ್ತು ಅಂತ ಇಟ್ಕೊಳ್ಳಿ, ಗಾಳಿಯಲ್ಲಿ ಬಂದಿದ್ರೆ ಅದಕ್ಕೆ ಸುಮಾರು ಒಂದು ನಿಮಿಷ ಬೇಕಾಗ್ತಿತ್ತು, ಅಷ್ಟೊತ್ತಿಗೆ ಆಜಿ ಅರ್ಧ ಮೊರ ಹಸನು ಮಾಡಿ ಮುಗಿಸ್ತಿದ್ರು. ಅದು ಬಂದದ್ದು ಕಲ್ಲಿನಲ್ಲಿ. ಕಲ್ಲಿನಲ್ಲಿ ಎರಡು ನಮೂನೆ ಅಲೆ ಹೋಗ್ತವೆ, ಒಂದು ಒತ್ತಿ-ಬಿಟ್ಟು ಒತ್ತಿ-ಬಿಟ್ಟು ಹೋಗೋದು, ಅದಕ್ಕೆ ಪಿ ಅಲೆ ಅಂತಾರೆ, ನಿಜ ಹೇಳ್ಬೇಕು ಅಂದ್ರೆ ಅದು ಶಬ್ದವೇ, ಗಾಳಿಯ ಬದಲು ಕಲ್ಲಿನಲ್ಲಿ ಹೋಗೋ ಶಬ್ದ. ಗಟ್ಟಿ ಬಂಡೆಯಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ 6 ಕಿಲೋಮೀಟರ್ ಓಡ್ತದೆ. ಇನ್ನೊಂದು ಎಸ್ ಅಲೆ, ಅಡ್ಡಡ್ಡ ಅಲ್ಲಾಡಿಸ್ತಾ ಹೋಗೋದು, ಸೆಕೆಂಡಿಗೆ ಮೂರೂವರೆ ಕಿಲೋಮೀಟರ್ ಆಸುಪಾಸು. ಎರಡೂ ಒಂದೇ ಜಾಗದಿಂದ ಒಂದೇ ಹೊತ್ತಿಗೆ ಹೊರಟ್ರೂ ಪಿ ಮೊದಲು ಬಂದು ಬಾಗಿಲು ತಟ್ತದೆ.

ಪಿ ಬಂದು ನಿಮ್ಮ ಪಡಸಾಲೆಯ ನೆಲಕ್ಕೆ ಕೆಳಗಿಂದ ಗುದ್ದಿದಾಗ ಆ ನೆಲ, ಗೋಡೆ ಎಲ್ಲ ಸ್ಪೀಕರಿನ ಪರದೆ ಥರ ಅದುರಿ ಅಲ್ಲೇ ಗಾಳಿಗೆ ಸದ್ದು ದಾಟಿಸ್ತವೆ. ಅಂದ್ರೆ ಗಾಳಿಯಲ್ಲಿ ಆ ಸದ್ದು ಬಂದಿದ್ದು ಬರೀ ನೆಲದಿಂದ ನಿಮ್ಮ ಕಿವಿಯವರೆಗೆ, ನೀವು ಅಡ್ಡಾಗಿದ್ರಿ ಅಂತೀರಲ್ಲ, ಹಾಗಾಗಿ ಒಂದು ಗೇಣು! ಅದಕ್ಕೇ ಹೊರಗಿಂದಲ್ಲ ಒಳಗಿಂದ ಬಂದ ಹಾಗಾಗಿದ್ದು. ಆಮೇಲೆ ಎಸ್ ಬಂತು, ತಾಟು ಅಲ್ಲಾಡಿದ್ದು, ಜೋಳ ಬದಿಗೆ ಸರಿದದ್ದು ಅದರ ಕೆಲಸ. ಜೋಳ ಮೇಲೆ ಹಾರಲಿಲ್ಲ, ಬದಿಗೆ ಸರಿಯಿತು ಅಂತ ಬರೆದಿದ್ದೀರಿ ನೋಡಿ, ಅದನ್ನು ಓದಿ ನನಗೆ ಖುಷಿಯಾಯ್ತು.

ಇನ್ನೊಂದು ಮಜಾ ಇದೆ. ಸದ್ದಿಗೂ ಅಲುಗಾಟಕ್ಕೂ ನಡುವೆ ಎಷ್ಟು ಸೆಕೆಂಡು ಅಂತ ಎಣಿಸಿ 8ರಿಂದ ಗುಣಿಸಿದ್ರೆ ದೂರ ಸುಮಾರಾಗಿ ಕಿಲೋಮೀಟರ್‌ನಲ್ಲಿ ಸಿಗ್ತದೆ. ಆಜಿ ಆ ಮಾತು ಹೇಳೋಕೆ ಎಷ್ಟು ಹೊತ್ತು ಬೇಕು? ಎರಡೂವರೆ ಸೆಕೆಂಡು ಹಿಡೀರಿ. 20 ಕಿಲೋಮೀಟರ್. ಪಾಟಣದಿಂದ ಕೊಯ್ನಾನಗರ ಹೆಚ್ಚುಕಮ್ಮಿ ಅಷ್ಟೇ ದೂರ.

ಕಾತ್ರಜ್_ಧಾರವಾಡ

ಅಯ್ಯ ಶಿವನ! ಆಜಿ ಮಾತೇ ಟೇಪು ಆತಲ್ರಿ. ಹಂಗಾದ್ರ ಇನ್ನೊಂದು ಡೌಟು, ಪುಣೆದಾಗೂ ಒಮ್ಮೊಮ್ಮೆ ಫ್ಯಾನು ಅಲುಗಾಡ್ತದ ಅಂತಾರಲ್ಲ, ಅವಾಗ ಯಾರೂ ಸಪ್ಪಳ ಕೇಳಿಲ್ಲ. ಯಾಕ?

ಮಾಟುಂಗಾ_ಮಾಣಿ

ನಾನು ಹೇಳ್ತೇನೆ, ನನಗೆ ಅನುಭವ ಉಂಟು. 2001 ಜನವರಿ 26, ಭುಜ್‌ನ ಭೂಕಂಪ. ಆಗ ನಾನು ಮಾಟುಂಗಾದಲ್ಲಿ ನಮ್ಮೂರಿನವರ ಹೋಟೆಲಲ್ಲಿ ಕ್ಯಾಶಿಗೆ ಕೂತುಕೊಳ್ತಿದ್ದೆ, ಬೆಳಿಗ್ಗೆ ಎಂಟೂಮುಕ್ಕಾಲು ಕಳೆದಿತ್ತು, ಇಡ್ಲಿ ವಡೆಯ ಫುಲ್ ರಶ್. ಸದ್ದು ಎಂತದೂ ಇಲ್ಲ ಮಾರಾಯ್ರೆ, ಒಂದು ಹನಿ ಸದ್ದಿಲ್ಲ. ಸಾಂಬಾರಿನ ದೊಡ್ಡ ಪಾತ್ರೆಯಲ್ಲಿ ಸಾಂಬಾರು ಆಚೆಗೂ ಈಚೆಗೂ ತೂಗಿದ್ದು ನೋಡಿದ್ದು, ತೊಟ್ಟಿಲು ತೂಗಿದ ಹಾಗೆ ನಿಧಾನಕ್ಕೆ. ಅಡುಗೆ ಭಟ್ರು ನನಗೆ ತಲೆ ತಿರುಗ್ತದೆ ಅಂತ ಕೂತೇಬಿಟ್ರು. ಮತ್ತೆ ಮೇಲಿನ ಮಾಳಿಗೆಯವರು ಓಡಿಕೊಂಡು ಕೆಳಗೆ ಬಂದ ಮೇಲೆಯೇ ಗೊತ್ತಾದದ್ದು. ಭಟ್ರೇ (ಬಸಾಲ್ಟ್ ಭಟ್ರೇ, ಸಾಂಬಾರು ಭಟ್ರಲ್ಲ) ಅದು ಯಾಕೆ ಹಾಗೆ?

ಮತ್ತೆ ಪಿ, ಎಸ್ ಅರ್ಥ ಆಗದವರಿಗೆ ನನ್ನ ಲೆಕ್ಕದಲ್ಲಿ ಹೇಳ್ತೇನೆ. ಮುಂಬೈಯ ದಾದರ್‌ನಲ್ಲಿ ವಿರಾರ್ ಫಾಸ್ಟ್ ಲೋಕಲ್ ರೈಲಿಗೆ ಹತ್ತಿದ್ದೀರಾ? ಬಾಗಿಲಲ್ಲಿ ಒಬ್ಬ ಒಳಗೆ ನುಗ್ಗಿದ್ರೆ ಆ ತಳ್ಳು ಒಬ್ಬನಿಂದ ಒಬ್ಬನಿಗೆ ದಾಟಿ ಆಚೆ ಬಾಗಿಲಲ್ಲಿ ನಿಂತವನ ಬೆನ್ನಿಗೆ ಬೀಳ್ತದೆ. ಯಾರೂ ಅರ್ಧ ಅಡಿಗಿಂತ ಜಾಸ್ತಿ ಅಲ್ಲಾಡಿರುವುದಿಲ್ಲ, ತಳ್ಳು ಮಾತ್ರ ಆ ಕಡೆಗೆ ತಲುಪಿ ಆಯ್ತು. ಅದು ಪಿ. ಈಗ ದಹಿ ಹಂಡಿಗೆ (ನಮ್ಮ ಮೊಸರು ಕುಡಿಕೆ) ಗಡಿಗೆ ಒಡೆಯುವ ಗೋವಿಂದರು ಒಬ್ಬರ ಹೆಗಲಿಗೆ ಒಬ್ಬರು ಕೈ ಹಾಕಿ ಸುತ್ತು ನಿಲ್ತಾರಲ್ಲ, ಅಲ್ಲಿ ಒಬ್ಬ ಬದಿಗೆ ವಾಲಿದ್ರೆ ಇಡೀ ಸುತ್ತು ವಾಲ್ತದೆ, ಅದು ಎಸ್. ಒಬ್ಬರನ್ನೊಬ್ಬರು ಹಿಡಿದುಕೊಂಡಿರಬೇಕು, ಇಲ್ಲದಿದ್ರೆ ಬದಿಗೆ ವಾಲಿದವ ಅವನಷ್ಟಕ್ಕೇ ಬೀಳ್ತಾನೆ ಬಾಕಿಯವರಿಗೆ ಏನೂ ಆಗುವುದಿಲ್ಲ.

ಬಸಾಲ್ಟ್_ಭಟ್ಟ

ಮಾಣಿ, ನಿಮ್ಮ ಉದಾಹರಣೆ ಮುಂದೆ ನಾನು ಕದೀತೇನೆ, ಈಗ್ಲೇ ಹೇಳಿಬಿಟ್ಟೆ.

ಸದ್ದು ಯಾಕಿಲ್ಲ ಅಂದ್ರೆ, ನಮ್ಮ ಕಿವಿಗೆ ಸೆಕೆಂಡಿಗೆ 20 ಸಲಕ್ಕಿಂತ ನಿಧಾನವಾಗಿ ಕಂಪಿಸೋದು ಕೇಳೋದಿಲ್ಲ. ಭೂಕಂಪದಲ್ಲಿ ಚುರುಕು ಕಂಪನವೂ ಇರ್ತದೆ ನಿಧಾನದ್ದೂ ಇರ್ತದೆ, ಆದ್ರೆ ಕಲ್ಲು ಚುರುಕಾದ್ದನ್ನು ದಾರಿಯಲ್ಲೇ ತಿಂದು ಹಾಕ್ತದೆ. ಪಕ್ಕದ ಓಣಿಯ ಗಣಪತಿ ಪೆಂಡಾಲಿನ ಡಿಜೆ ದೂರದಿಂದ ಕೇಳಿದ್ರೆ ಹಾಡಿನ ಪದ ಇಲ್ಲ, ಬರೀ ಢುಂ ಢುಂ ಉಳಿದಿರ್ತದಲ್ಲ, ಹಾಗೆ. ಭುಜ್‌ನಿಂದ ಮುಂಬೈಗೆ 550 ಕಿಲೋಮೀಟರ್ ಮೇಲೆ, ಅಷ್ಟು ದೂರ ಬರೋವಾಗ ಉಳಿದದ್ದು ಉದ್ದುದ್ದ ನಿಧಾನದ ಅಲೆ, ಅದರಲ್ಲೂ ನೆಲದ ಮೇಲ್ಮೈ ಹಿಡಿದುಕೊಂಡು ಬರೋ ಜಾತಿಯವು. ಎತ್ತರದ ಕಟ್ಟಡ, ಟ್ಯಾಂಕಿನ ನೀರು, ನಿಮ್ಮ ಸಾಂಬಾರು ಅದಕ್ಕೆ ಚೆನ್ನಾಗಿ ತೂಗ್ತವೆ. ಕೊಯ್ನಾದವು ತದ್ವಿರುದ್ಧ, ಸಣ್ಣವು, 10 ಕಿಲೋಮೀಟರ್‌ಗಿಂತ ಕಡಿಮೆ ಆಳದವು, ಗಟ್ಟಿ ಕಲ್ಲಿನಲ್ಲಿ ಆಗೋವು. ಸದ್ದು ಕೇಳ್ಲಿಕ್ಕೆ ಇದಕ್ಕಿಂತ ಚಲೋ ಜಾಗ ಇಲ್ಲ.

ಕೊಯ್ನಾದ ಕಥೆ ಗೊತ್ತಿಲ್ಲದವರಿಗೆ ಒಂದು ಮಾತು. 1962ರಲ್ಲಿ ಜಲಾಶಯಕ್ಕೆ ನೀರು ತುಂಬಲು ಶುರು ಮಾಡಿದ ಮೇಲೆ ಅಲ್ಲಿ ನಡುಕ ಶುರುವಾಯ್ತು, 1967 ಡಿಸೆಂಬರ್ 11ರ ನಸುಕಿನಲ್ಲಿ 6.3 ತೀವ್ರತೆಯದ್ದು ಬಂತು, ಸುಮಾರು 180 ಜನ ಸತ್ರು, 103 ಮೀಟರ್ ಎತ್ತರದ ಅಣೆಕಟ್ಟು ಬಿರುಕು ಬಿಟ್ರೂ ನಿಂತಿತು. ಆಮೇಲೆ ಇಲ್ಲಿವರೆಗೆ 5ಕ್ಕಿಂತ ದೊಡ್ಡವೇ ಇಪ್ಪತ್ತಕ್ಕೂ ಹೆಚ್ಚಾಗಿವೆ. ನೀರಿನ ಒತ್ತಡ ಬಿರುಕುಗಳ ಒಳಗೆ ಇಳಿದು, ಮೊದಲೇ ಬಿಗಿದುಕೊಂಡಿದ್ದ ಬಂಡೆಗಳ ಹಿಡಿತ ಸಡಿಲ ಮಾಡ್ತದೆ ಅನ್ನೋದು ವಿವರಣೆ. ಇದನ್ನೇ ನೋಡೋಕೆ ಅಲ್ಲಿ 3 ಕಿಲೋಮೀಟರ್ ಆಳದ ಬೋರು ಕೊರೆದಿದ್ದಾರೆ, ಕರಾಡ್‌ನಲ್ಲಿ ಅದಕ್ಕಂತಲೇ ಲ್ಯಾಬು ಇದೆ. ಮೇಲೆ ಒಂದೂಕಾಲು ಕಿಲೋಮೀಟರ್ ಆಸುಪಾಸು ನಮ್ಮ ಕಪ್ಪು ಬಸಾಲ್ಟು, ಅದರ ಕೆಳಗೆ ಗ್ರಾನೈಟು ಜಾತಿಯ ಹಳೇ ಕಲ್ಲು.

ಆಳಂದ_ಟು_ಠಾಣೆ

ಕೊಯ್ನಾ ಮಾತು ಬಂತಂದ್ರ ನಮಗ ಲಾತೂರ್ ಕಡಿ ಕಿಲ್ಲಾರಿ ಭೂಕಂಪ ನೆನಪಾಗ್ತದರಿ. ನಮ್ಮೂರು ಆಳಂದ ತಾಲೂಕು, ಕಲಬುರಗಿ ಜಿಲ್ಲಾ. 1993 ಸೆಪ್ಟೆಂಬರ್ 30, ನಸಿಕ್ಲೆ ನಾಕಕ್ಕ ನಾಕೈದು ನಿಮಿಷ ಕಮ್ಮಿ. ಹಿಂದಿನ ರಾತ್ರಿ ಗಣಪತಿ ಕಳಿಸಿ ಎಲ್ಲಾರೂ ದಣದು ಮಲಗಿದ್ರು. ನಾ ಸಣ್ಣಂವ ಇದ್ದೆ, ಅಪ್ಪನ ಬಾಜೂಕ ಮಾಳಗಿ ಮ್ಯಾಲ ಮಲಗಿದ್ದೆ. ಮೊದ್ಲು ನಮ್ಮ ನಾಯಿ ಬೊಗಳ್ತು, ಆಮ್ಯಾಲೆ ದೂರಿಂದ ಗೂಡ್ಸ್ ಗಾಡಿ ಬಂದಂಗ ಗುಡುಗುಡು, ನಮ್ಮೂರಿಗೆ ರೈಲೇ ಇಲ್ಲ, ಅಪ್ಪ ಎದ್ದು ಕೂತು ಏನದು ಅಂತ ಅನ್ನೂದ್ರಾಗ ಮಾಳಗಿ ತೂಗ್ಲಿಕತ್ತಿತು. ಅಪ್ಪ ನನ್ನ ತೆಕ್ಕಿ ಹಾಯ್ದು ಕೂತಂವ ಬೆಳಗಾಗೂ ತನಕ ಬಿಡ್ಲಿಲ್ಲ. ಅಲ್ಲಿ ಕಿಲ್ಲಾರಿ ಕಡೆ ಹತ್ತು ಸಾವಿರದ ಹತ್ರ ಮಂದಿ ಹೋದ್ರು, ಕಲ್ಲು-ಮಣ್ಣಿನ ದಪ್ಪ ಗ್ವಾಡಿ, ಮ್ಯಾಲ ಮಣ್ಣಿನ ಮಾಳಗಿ, ಎಲ್ಲಾ ಮಲಗಿದವ್ರ ಮ್ಯಾಲೇ ಬಿತ್ತು.

ಆಜಿ ಎರಡೂವರೆ ಸೆಕೆಂಡು ಅಂದ್ರಿ, ನಮ್ಮಲ್ಲಿ ಅದಕ್ಕಿಂತ ಜಾಸ್ತಿ ಇತ್ತು ಅಂತ ನನಗ ಪಕ್ಕಾ ನೆನಪದ. ಕಿಲ್ಲಾರಿ ನಮಗ ಐವತ್ತು ಕಿಲೋಮೀಟರ್ ಮ್ಯಾಲದ. ನಿಮ್ಮ ಎಂಟರ ಮಗ್ಗಿ ಕೂಡ್ತದ ನೋಡ್ರಿ. ಮತ್ತ ನಾಯಿಗೆ ಹೆಂಗ ಮೊದ್ಲು ತಿಳೀತು?

ಬಸಾಲ್ಟ್_ಭಟ್ಟ

ಐವತ್ತರ ಮೇಲೆ ಅಂದ್ರಲ್ಲ, ಐವತ್ಮೂರು ಅಂತ ಹಿಡಿದ್ರೆ ಆರೂವರೆ ಸೆಕೆಂಡು. ಒಬ್ಬ ಮನುಷ್ಯ ಎದ್ದು ಕೂತು ಒಂದು ಮಾತಾಡೋಕೆ ಸಾಕು. ನಾಯಿ ವಿಷಯ, ನಾಲ್ಕು ಕಾಲು ನೆಲದ ಮೇಲಿಟ್ಟು ಮಲಗಿದ ಪ್ರಾಣಿ, ಕಿವಿಯೂ ನಮಗಿಂತ ಸೂಕ್ಷ್ಮ, ಪಿ ಅಲೆಯ ತುದಿ ಅದಕ್ಕೆ ಮೊದಲೇ ಸಿಕ್ಕಿರ್ತದೆ. ದಿನಗಟ್ಟಲೆ ಮೊದಲೇ ಗೊತ್ತಾಗ್ತದೆ ಅನ್ನೋ ವಾಟ್ಸ್ಯಾಪ್ ಕಥೆ ಬೇರೆ, ಅದಕ್ಕೆ ನಾನು ಸೈ ಅನ್ನೋದಿಲ್ಲ.

ಜಪಾನಿನವರು 2007ರಿಂದ ಇಡೀ ದೇಶಕ್ಕೆ ಕೊಡ್ತಿರೋ ಮುನ್ನೆಚ್ಚರಿಕೆಯೂ ಇದೇ ಉಪಾಯ, ಪಿ ಬಂದದ್ದು ಯಂತ್ರಕ್ಕೆ ಗೊತ್ತಾದ ಕೂಡ್ಲೆ ಎಸ್ ಬರೋ ಮೊದಲು ಮೊಬೈಲಿಗೆ ಸುದ್ದಿ. ಆಜಿ ಮಾಡಿದ್ದೂ ಅದನ್ನೇ, ಮೊಬೈಲ್ ಇಲ್ಲದೆ.

ಕಾತ್ರಜ್_ಧಾರವಾಡ

ಆಳಂದದ ಅಣ್ಣಾರ, ಓದಿ ಕಣ್ಣಾಗ ನೀರು ಬಂತ್ರಿ.

ಭಟ್ರ, ಮಗ ಒಂಬತ್ತನೆತ್ತಾ ಅದಾನ, ನಾ ಇದನ್ನೆಲ್ಲಾ ಓದಿ ಹೇಳಿದ್ರ ಅವ ಕೇಳ್ತಾನ, ಪುಸ್ತಕದಾಗ ಭೂಮಿ ಒಳಗ ಕರಗಿದ ಕಬ್ಬಿಣ ಅದ, ಅದರೊಳಗ ಮತ್ತ ಗಟ್ಟಿ ಗುಂಡು ಅದ ಅಂತ ಬರದಾರ, ಯಾರು ಹೋಗಿ ನೋಡ್ಯಾರ ಅಂತ. ನನಗೂ ಉತ್ತರ ಹೊಳೀಲಿಲ್ಲ.

ಬಸಾಲ್ಟ್_ಭಟ್ಟ

ಯಾರೂ ಹೋಗಿಲ್ಲ, ಹೋಗೋಕಾಗೋದೂ ಇಲ್ಲ. ರಷ್ಯಾದ ಕೋಲಾದಲ್ಲಿ 1970ರಿಂದ ಕೊರೆದೂ ಕೊರೆದೂ 12,262 ಮೀಟರಿಗೆ ನಿಂತುಬಿಟ್ರು. ಭೂಮಿಯ ನಡುಮಧ್ಯಕ್ಕೆ 6371 ಕಿಲೋಮೀಟರ್ ಇದೆ. ಮಗನಿಗೆ ಹೀಗೆ ಹೇಳಿ, ಮುಂಬೈಯ ದಾದರ್ ಟಿಟಿಯಲ್ಲಿ ಬೆಂಗಳೂರು ಬಸ್ ಹತ್ತಿ ಪಕ್ಕದ ಕಿಂಗ್ಸ್ ಸರ್ಕಲ್‌ನಲ್ಲೇ ಇಳಿದ ಹಾಗೆ ಅದು.

ಒಳಗೆ ಏನಿದೆ ಅಂತ ಹೇಳಿದ್ದು ಆಜಿಯ ಕೊಯ್ನಾದಲ್ಲಿ ಬಂದ ಇದೇ ಎರಡು ಅಲೆಗಳು. ಕಥೆ ಶುರುವಾಗೋದೂ ನಮ್ಮ ದೇಶದಲ್ಲೇ. 1897 ಜೂನ್ 12ರಂದು ಶಿಲ್ಲಾಂಗ್ ಕಡೆ ಮಹಾ ಭೂಕಂಪ ಆಯ್ತು. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಓಲ್ಡ್‌ಹ್ಯಾಂ ಅದರ ವರದಿ ಬರೆದವ. ದೂರದ ಯುರೋಪಿನ ಯಂತ್ರಗಳಲ್ಲೂ ಅದರ ಗೆರೆ ಮೂಡಿತ್ತು, ಅದನ್ನು ನೋಡಿ ಇದು ಒಂದೇ ಗದ್ದಲ ಅಲ್ಲ, ಮೊದಲು ಬರೋದು ಒಂದು, ಹಿಂದಿನಿಂದ ಬರೋದು ಇನ್ನೊಂದು, ಕೊನೆಗೆ ಮೇಲ್ಮೈಯಲ್ಲಿ ಬರೋದು ಮತ್ತೊಂದು ಅಂತ ಬೇರ್ಪಡಿಸಿದ. ಆಮೇಲೆ 1906ರಲ್ಲಿ, ತುಂಬಾ ದೂರದ ಊರುಗಳಿಗೆ ಅಲೆಗಳು ಲೆಕ್ಕಕ್ಕಿಂತ ತಡವಾಗಿ ಬರ್ತಿವೆ, ನಡುವೆ ಬೇರೇನೋ ಒಂದು ದೊಡ್ಡ ಗುಂಡು ಕೂತಿದೆ ಅಂತ ತೋರಿಸಿದ. ಗುಟೆನ್‌ಬರ್ಗ್ ಅನ್ನೋ ಜರ್ಮನ್ 1914ರ ಹೊತ್ತಿಗೆ ಅದರ ಆಳ ಹೇಳಿದ, ನೆಲದಿಂದ ಸುಮಾರು 2900 ಕಿಲೋಮೀಟರ್.

ಈಗ ಮಾಣಿಯ ಗೋವಿಂದರನ್ನು ಕರೀರಿ. ಎಸ್ ಅಲೆಗೆ ಒಬ್ಬರನ್ನೊಬ್ಬರು ಹಿಡಿದುಕೊಂಡಿರಬೇಕು ಅಂದ್ರಲ್ಲ, ದ್ರವದಲ್ಲಿ ಕಣಗಳು ಹಾಗೆ ಹಿಡಿದುಕೊಂಡಿರೋದಿಲ್ಲ. ತಳ್ಳು ದಾಟ್ತದೆ, ವಾಲಿದ್ದು ದಾಟೋದಿಲ್ಲ. ಒಂದು ಭೂಕಂಪ ಆದ್ರೆ, ಆ ಜಾಗದಿಂದ ಸುಮಾರು 11,500 ಕಿಲೋಮೀಟರ್ ಆಚೆ ಇರೋ ಯಂತ್ರಗಳಿಗೆ ನೇರ ಎಸ್ ಅಲೆ ಬರೋದೇ ಇಲ್ಲ, ನಡುವಿನ ಗುಂಡು ಅದನ್ನು ನುಂಗ್ತದೆ. ಅದು ದ್ರವ ಅಂತ ಗಟ್ಟಿಯಾಗಿ ವಾದ ಮಾಡಿದ್ದು 1926ರಲ್ಲಿ ಹೆರಾಲ್ಡ್ ಜೆಫ್ರಿಸ್. ಪಿ ಅಲೆ ಒಳಗೆ ಹೋಗ್ತದೆ ಆದ್ರೆ ಅಲ್ಲಿ ಕಾಲಿಟ್ಟ ಕೂಡ್ಲೆ, ಆಳಕ್ಕೆ ಹೋಗ್ತಾ ಹೋಗ್ತಾ ಏರಿ ಸೆಕೆಂಡಿಗೆ 13 ಚಿಲ್ಲರೆ ಕಿಲೋಮೀಟರ್ ಆಗಿದ್ದ ವೇಗ 8ಕ್ಕೆ ಇಳಿದು, ನೀರಿನ ಲೋಟದಲ್ಲಿ ಚಮಚ ಮುರಿದ ಹಾಗೆ ಕಾಣ್ತದಲ್ಲ, ಹಾಗೆ ಒಳಕ್ಕೆ ಬಾಗ್ತದೆ. ಹಾಗೆ ಬಾಗಿದ್ರಿಂದ ಭೂಮಿಯ ಮೇಲೆ ಒಂದು ಅಗಲದ ಪಟ್ಟಿಗೆ ಪಿ ಕೂಡ ಬೀಳೋದಿಲ್ಲ, ಅದು ನೆರಳಿನ ಪಟ್ಟಿ.

ನನಗೆ ಇಡೀ ವಿಷಯದಲ್ಲಿ ಇಷ್ಟವಾದ ಭಾಗ ಮುಂದೆ. ಡೆನ್ಮಾರ್ಕಿನ ಇಂಗೆ ಲೇಮನ್ ಅನ್ನೋ ಹೆಂಗಸು ನೋಡ್ತಾಳೆ, ಆ ನೆರಳಿನ ಪಟ್ಟಿಯಲ್ಲಿ ಏನೂ ಇರಬಾರದು, ಆದ್ರೆ ಸಣ್ಣ ಸಣ್ಣ ಗೆರೆ ಮೂಡಿದೆ. 1929ರ ನ್ಯೂಜಿಲೆಂಡ್ ಭೂಕಂಪದ್ದು. ಬೇರೆಯವರು ಅದೇನೋ ಹಾಗೇ ಬಾಗಿ ಬಂದದ್ದು ಅಂತ ಬಿಟ್ಟಿದ್ರು. ಇವಳು ಬಿಡ್ಲಿಲ್ಲ. ಕರಗಿದ ಗುಂಡಿನ ಒಳಗೆ ಇನ್ನೊಂದು ಗುಂಡಿದೆ, ಅದಕ್ಕೆ ಬಡಿದು ಬಂದದ್ದು ಇದು ಅಂತ 1936ರಲ್ಲಿ ಬರೆದಳು. ಕಂಪ್ಯೂಟರ್ ಇಲ್ಲ, ದೇಶ ದೇಶದ ಯಂತ್ರಗಳು ಹೇಳಿದ ಹೊತ್ತನ್ನು ಕಾರ್ಡುಗಳಲ್ಲಿ ಬರೆದು ರಟ್ಟಿನ ಡಬ್ಬಿಗಳಲ್ಲಿ ಜೋಡಿಸಿಟ್ಟುಕೊಳ್ತಿದ್ದಳಂತೆ, ಓಟ್ಸ್ ಖಾಲಿಯಾದ ಡಬ್ಬಿ. ಒಳಗುಂಡಿನ ತ್ರಿಜ್ಯ ಸುಮಾರು 1220 ಕಿಲೋಮೀಟರ್. ಆಕೆ 104 ವರ್ಷ ಬದುಕಿದಳು.

ಪಿ ಅಲೆ ಭೂಮಿಯ ಈ ಬದಿಯಿಂದ ನಡುವಿನ ಮೂಲಕ ಆಚೆ ಬದಿಗೆ ಹೋಗೋಕೆ ಸುಮಾರು 20 ನಿಮಿಷ. ಸಂಜೆ ಆರಕ್ಕೆ ಕಾತ್ರಜ್‌ನಿಂದ ಸ್ವಾರ್‌ಗೇಟಿಗೆ ಬಸ್ಸಲ್ಲಿ ಅಷ್ಟಕ್ಕೆ ಮುಟ್ಟಿದವರು ಇದ್ರೆ ಕೈ ಎತ್ತಿ.

ವಾಸ್ಕೋ_ಕಾರವಾರ

ತಡವಾಗಿ ಬಂದೆ. ನಾನಿರೋದು ವಾಸ್ಕೋದಲ್ಲಿ, ಮಳೆಗಾಲದಲ್ಲಿ ಸಮುದ್ರ ಎದ್ದಾಗ ನಮ್ಮ ರೂಮಿನ ಕಿಟಕಿ ಗಾಜು ಗಾಳಿ ಇಲ್ಲದಿದ್ರೂ ಸಣ್ಣಗೆ ಅದರತ್ತೆ, ನಾನು ಭ್ರಮೆ ಅಂದ್ಕೊಂಡಿದ್ದೆ. ಸಮುದ್ರವೂ ನೆಲ ನಡುಗಿಸತ್ತಾ?

ಬಸಾಲ್ಟ್_ಭಟ್ಟ

ನಿಮ್ಮ ಗಾಜು ಹತ್ತಿರದ ಅಲೆ ಹೊಡೆದು ಅದರೋದು ಇರಬಹುದು, ಆದ್ರೆ ಸಮುದ್ರ ನೆಲ ನಡುಗಿಸೋದು ಖರೆ. ನಮಗೆ ಗೊತ್ತಾಗೋದಿಲ್ಲ, ಭೂಕಂಪದ ಯಂತ್ರಕ್ಕೆ ಗೊತ್ತಾಗ್ತದೆ, ನಾಲ್ಕರಿಂದ ಎಂಟು ಸೆಕೆಂಡಿಗೊಮ್ಮೆ ಮೇಲೆ ಕೆಳಗೆ. ಮುಂಬೈಯ ಕೊಲಾಬಾ ವೀಕ್ಷಣಾಲಯದಲ್ಲಿ ಎಸ್.ಕೆ. ಬ್ಯಾನರ್ಜಿ ಇದನ್ನು ಹಿಡಿದು ಕೂತಿದ್ರು, ಅರಬ್ಬೀ ಸಮುದ್ರದಲ್ಲಿ ಮುಂಗಾರು ಎದ್ದಾಗ, ಚಂಡಮಾರುತ ಬಂದಾಗ ಯಂತ್ರದ ಗೆರೆ ಹೇಗೆ ಬದಲಾಗ್ತದೆ ಅಂತ 1930ರಲ್ಲಿ ದೊಡ್ಡ ಲೇಖನವೇ ಬರೆದ್ರು. ಎದುರುಬದುರು ಬರೋ ಅಲೆಗಳು ಡಿಕ್ಕಿಯಾದಾಗ ಅದರ ಒತ್ತಡ ಸಮುದ್ರದ ತಳಕ್ಕೂ ಮುಟ್ಟಿ ನೆಲವನ್ನು ತಟ್ತದೆ ಅನ್ನೋ ಲೆಕ್ಕ 1950ರಲ್ಲಿ ಬಂತು. ಈಗ ಈ ಗುನುಗನ್ನೇ ಬಳಸಿಕೊಂಡು ಭೂಕಂಪ ಇಲ್ಲದ ದಿನವೂ ನೆಲದೊಳಗಿನ ಚಿತ್ರ ತೆಗೀತಾರೆ.

ಹಿಂಜೆವಾಡಿ_ಹುಡ್ಗ

ಎಲ್ಲಾ ಓದಿದೆ ಸರ್. ನನ್ನ ಮೊದಲ ಉತ್ತರ ಡಿಲೀಟ್ ಮಾಡ್ಲಾ? ಮಾನ ಹೋಗ್ತಿದೆ.

ಬಸಾಲ್ಟ್_ಭಟ್ಟ

ಬೇಡ ಇರ್ಲಿ, ಅದರಲ್ಲೂ ಒಂದು ತಿರುಳು ಇದೆ. ಬ್ಲಾಸ್ಟ್ ಸುತ್ತಲೂ ಹೊರಕ್ಕೆ ತಳ್ತದೆ, ಹಾಗಾಗಿ ಪಿ ಜೋರು, ಎಸ್ ಸಪ್ಪೆ. ಭೂಕಂಪದಲ್ಲಿ ಬಂಡೆ ಬಂಡೆಗೆ ಉಜ್ಜಿ ಜಾರ್ತದೆ, ಎಸ್ ಜೋರು. ಇದೇ ವ್ಯತ್ಯಾಸ ನೋಡಿ ಯಾವ ದೇಶ ಗುಟ್ಟಾಗಿ ಅಣುಬಾಂಬ್ ಪರೀಕ್ಷೆ ಮಾಡ್ತು ಅಂತ ಕಂಡುಹಿಡೀತಾರೆ. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಅದಕ್ಕಂತಲೇ 1960ರ ದಶಕದಲ್ಲಿ ಯಂತ್ರಗಳ ಸಾಲು ಹಾಕಿದ್ದು ಎಲ್ಲಿ ಗೊತ್ತಾ? ನಮ್ಮ ಗೌರಿಬಿದನೂರಿನಲ್ಲಿ. ನೀವು ಆ ಕಡೆಯವರೇ ಅಲ್ವಾ?

ಹಿಂಜೆವಾಡಿ_ಹುಡ್ಗ

ಸರ್ ನಾನು ಚಿಕ್ಕಬಳ್ಳಾಪುರ!! ಪಕ್ಕದ ಊರು, ಇಷ್ಟು ದಿನ ಗೊತ್ತೇ ಇರ್ಲಿಲ್ಲ.

ಕಾತ್ರಜ್_ಧಾರವಾಡ

ಈಗ ನಾದಿನಿಗೆ ಫೋನ್ ಹಚ್ಚಿದ್ದೆ. ಆಜಿಗೆ ಕೊಡು ಅಂದೆ, ಮುಂದಿನ ಸಲ ಸಪ್ಪಳ ಬಂದ ಕೂಡ್ಲೆ ಒಂದು ಎರಡು ಮೂರು ಎಣಸ್ರಿ, ಎಷ್ಟು ದೂರ ಅಂತ ನಾ ಲೆಕ್ಕಾ ಹಾಕಿ ಹೇಳ್ತೀನಿ ಅಂದೆ. ಆಜಿ ಅಂದದ್ದು: "ಮೋಜತ್ ಬಸೂ ಕೀ ಪಳೂ?" ಎಣಸ್ಕೋತ ಕೂಡ್ಲೋ, ಓಡ್ಲೋ ಅಂತ. ನೀವು ಎಂದೂ ಓಡೂದಿಲ್ಲಲ್ರಿ ಅಂದ್ರ, ಜ್ವಾಳ ಚೆಲ್ಲತದ ಅಂತ ಕೂಡ್ತೀನಿ ಅಂದ್ರು.